ವೇಲಿನ ಕೆಳಗೆ ಅಣ್ಣನ ಅಂಗಿ

ಕಾಲರಿನ ಒಳಮಗ್ಗುಲಿನ ಕಪ್ಪು ಗೆರೆ ಎರಡನೆಯ ಸಲ ತಿಕ್ಕಿದರೂ ಹೋಗಲಿಲ್ಲ. ವಾಣಿಶ್ರೀ ಅಂಗಿಯನ್ನು ಕಲ್ಲಿನ ಮೇಲೆ ಮತ್ತೆ ಹರವಿ, ಸಾಬೂನಿನ ತುಂಡನ್ನು ಆ ಗೆರೆಯ ಉದ್ದಕ್ಕೂ ಎಳೆದು, ಬ್ರಷ್ ಕೈಗೆತ್ತಿಕೊಂಡಳು. ಬಕೀಟಿನಲ್ಲಿ ಅರ್ಧ ನೀರು ಉಳಿದಿತ್ತು. ಅಷ್ಟರಲ್ಲೇ ಈ ಅಂಗಿಯನ್ನೂ, ನೊರೆಯಲ್ಲಿ ಮುಳುಗಿ ಬಿದ್ದಿದ್ದ ಜೀನ್ಸ್ ಪ್ಯಾಂಟನ್ನೂ ಜಾಲಾಡಿ ಮುಗಿಸಬೇಕು. ತನ್ನ ಬಟ್ಟೆಗಳ ಮಾತು ಆಮೇಲೆ.

ಒಗೆಯುವ ಕಟ್ಟೆ ಹಾಸ್ಟೆಲಿನ ಹಿಂದುಗಡೆ, ಅಡುಗೆಮನೆಯ ಗೋಡೆಗೆ ಹತ್ತಿಕೊಂಡಿತ್ತು. ಮೇಲಿನ ತಗಡಿನ ಮೇಲೆ ಮಳೆ ಸಣ್ಣಗೆ ಸುರಿಯುತ್ತಿತ್ತು. ಭಾನುವಾರ ಊಟದ ಗಂಟೆ ಹೊಡೆದ ಮೇಲೆ ಇಲ್ಲಿ ಯಾರೂ ಇರುವುದಿಲ್ಲ. ಉಳಿದ ಹೊಸ ಹುಡುಗಿಯರು ಯಾವ ಸರ್ ಚೆನ್ನಾಗಿ ಹೇಳುತ್ತಾರೆ, ಯಾವ ಸೀನಿಯರ್ ಕೆಟ್ಟವಳು ಅನ್ನುವುದನ್ನು ತಿಳಿದುಕೊಳ್ಳುತ್ತಿದ್ದ ಮೊದಲ ವಾರದಲ್ಲಿ ವಾಣಿ ತಿಳಿದುಕೊಂಡದ್ದು ಇದನ್ನು: ಕಟ್ಟೆ ಯಾವಾಗ ಖಾಲಿ ಇರುತ್ತದೆ, ಟಾಕಿಯ ನೀರು ಯಾವಾಗ ಬಿಡುತ್ತಾರೆ.

ಹಿರೇಬೆಂಡಿಗೇರಿಯ ಕರಿಬಸಪ್ಪನ ಮನೆಯಿಂದ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು. ಪಿಯುಸಿಯಲ್ಲಿ ಬಂದ ಮಾರ್ಕಿಗೆ ಧಾರವಾಡದಲ್ಲೇ ಸೀಟು ಸಿಗುತ್ತಿತ್ತು. ಅಪ್ಪ ಬೇಡವೆಂದ. ಕಲಿಯುವುದಾದರೆ ಅಣ್ಣ ಇರುವ ಊರಿನಲ್ಲಿ, ಇಲ್ಲವಾದರೆ ಮನೆಯಲ್ಲಿ. ಅಣ್ಣ ರುದ್ರೇಶ ಹಾನಗಲ್ಲಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದ, ಬಸ್ ಸ್ಟ್ಯಾಂಡಿನ ಹಿಂದೆ ಗೆಳೆಯರ ಜೊತೆ ಖೋಲಿ ಮಾಡಿಕೊಂಡಿದ್ದ. "ನಿನ್ನ ಮ್ಯಾಲ ಒಂದ ಮಾತ ಬರಬಾರದು. ಬಂತು ಅಂದ್ರ ಅವತ್ತ ಗಂಟ ಕಟ್ಟಿ ಮನಿಗೆ ಬರೂದು," ಎಂದು ಅಪ್ಪ ಹೇಳಿ ಕಳಿಸಿದ್ದ. ಹಿರೇಕೆರೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅವರಿಗೆ ಅಪ್ಪ ಹೂಂ ಅಂದಿರಲಿಲ್ಲ, ಇಲ್ಲ ಅಂತಲೂ ಅಂದಿರಲಿಲ್ಲ.

ಅವ್ವ ಮಹಾದೇವಕ್ಕ ಅಪ್ಪನನ್ನು ಒಪ್ಪಿಸಿದ್ದು ಬೇರೆ ದಾರಿಯಿಂದ. "ರುದ್ರೇಶ ಸೊರಗ್ಯಾನ್ರಿ. ಒಗದ ಅರಬಿ ಇಲ್ಲ, ನೋಡಾವ್ರಿಲ್ಲ. ಅಕಿ ಅಲ್ಲೇ ಇದ್ರ ಅವಂಗೂ ಒಂದ ದಿಕ್ಕಾಕ್ಕೇತಿ," ಅಂದಿದ್ದಳು ಒಂದು ಸಂಜೆ, ರೊಟ್ಟಿ ಬಡಿಯುತ್ತ. ಅಪ್ಪನಿಗೆ ಅದು ಮನಸ್ಸಿಗೆ ಬಂತು. ಹೊರಡುವ ಹಿಂದಿನ ದಿನ ಅವ್ವ ವಾಣಿಯನ್ನು ಹಿತ್ತಲಿಗೆ ಕರೆದು ಹೇಳಿದ್ದಳು: "ಅಣ್ಣನ ಅರಬಿ ಅಷ್ಟ ನೋಡ್ಕೋ. ಹಾಸ್ಟೆಲಿನ್ಯಾಗ ಯಾರ ಮುಂದೂ ಆಡಬ್ಯಾಡ. ಹೊರಗಿನವರ ಅರಬಿಗೆ ಅಲ್ಲಿ ನೀರ ಕೊಡೂದಿಲ್ಲಂತ. ಅವನ ಗೆಳೆಯಾರಿಗೂ ಗೊತ್ತಾಗೂದ ಬ್ಯಾಡ, ಅವಂಗ ಸೇರೂದಿಲ್ಲ."

ಈ ಸೀಮೆಯಲ್ಲಿ ಓದುವ ಮಕ್ಕಳಿಗೆ ಬುತ್ತಿ ಬಸ್ಸಿನಲ್ಲಿ ಬರುತ್ತದೆ. ಊರಿನಿಂದ ಹೊರಡುವ ಬೆಳಗಿನ ಬಸ್ಸಿಗೆ ತಾಯಂದಿರು ಚೀಲ ಕೊಟ್ಟು ಕಳಿಸುತ್ತಾರೆ. ಡ್ರೈವರನ ಪಕ್ಕದಲ್ಲಿ ಅವು ಸಾಲಾಗಿ ಕುಳಿತು ಬರುತ್ತವೆ. ಹಾನಗಲ್ಲಿನಲ್ಲಿ ಹುಡುಗರು ತಮ್ಮ ತಮ್ಮ ಚೀಲದ ಗುರುತು ಹಿಡಿದು ಇಳಿಸಿಕೊಳ್ಳುತ್ತಾರೆ. ಭಾನುವಾರ ಬುತ್ತಿ ಇಳಿಸಿಕೊಳ್ಳುವುದು ರುದ್ರೇಶನ ಕೆಲಸ. ರೊಟ್ಟಿ, ಶೇಂಗಾ ಚಟ್ನಿಯಲ್ಲಿ ತನ್ನದನ್ನು ತೆಗೆದಿಟ್ಟುಕೊಂಡು ತಂಗಿಯದನ್ನು ಹಾಸ್ಟೆಲಿನ ಗೇಟಿಗೆ ತರುತ್ತಿದ್ದ. ಅದೇ ಚೀಲದ ತಳದಲ್ಲಿ ಅವನ ವಾರದ ಕೊಳೆ ಅರಬಿ, ಅಂಗಿ ಪ್ಯಾಂಟು. ಮೇಲೆ ರೊಟ್ಟಿ ಕಟ್ಟಿದ ಬಿಳಿ ಬಟ್ಟೆ. ನೋಡಿದವರಿಗೆ ಅಣ್ಣ ತಂಗಿಗೆ ಬುತ್ತಿ ತಂದ ಹಾಗೇ ಕಾಣುತ್ತಿತ್ತು. ರೊಟ್ಟಿಗೆ ಬೆವರಿನ ವಾಸನೆ ಹತ್ತಿರುತ್ತಿತ್ತು. ಮೊದಲ ವಾರ ವಾಣಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ರೂಢಿಯಾಯಿತು.

"ಅನ್ನ ತೀರಾಕ ಬಂದೈತಿ, ನೀ ಇನ್ನೂ ಇಲ್ಲೇ ಕುಂತಿಯೇನ?"

ಮುನವ್ವರಾ ಊಟ ಮುಗಿಸಿ ತಟ್ಟೆ ತೊಳೆಯಲು ಬಂದಿದ್ದಳು. ವಾಣಿಯ ಖೋಲಿಯಲ್ಲೇ ಇರುವವಳು, ಸವಣೂರಿನ ಹುಡುಗಿ. ಅವಳ ಅಪ್ಪನದು ವೀಳ್ಯದೆಲೆಯ ವ್ಯಾಪಾರ. ಅಣ್ಣನ ಅರಬಿಯ ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೇ. ಮಗ್ಗುಲ ಮಂಚದಲ್ಲಿ ಮಲಗುವವಳಿಂದ ಮುಚ್ಚಿಡುವುದು ಆಗುವ ಮಾತಾಗಿರಲಿಲ್ಲ.

"ಇದೊಂದ ಜಾಲಾಡಿ ಬಂದೆ," ಎಂದಳು ವಾಣಿ.

"ತಡಿ, ಜೀನ್ಸ ನಾನೂ ಹಿಡೀತೇನಿ. ನೀ ಒಬ್ಬಾಕಿ ಹಿಂಡಿದ್ರ ಅದು ಮುಂದಿನ ಐತವಾರಕ್ಕೂ ಒಣಗೂದಿಲ್ಲ."

ಇಬ್ಬರೂ ಒಂದೊಂದು ತುದಿ ಹಿಡಿದು ತಿರುವಿದರು. ಕೆಂಪು ನೀರು ಇಳಿಯಿತು.

"ಏನ ಹುಡುಗಿ, ನಿಮ್ಮಣ್ಣ ಕುಸ್ತಿ ಹಿಡೀತಾನೇನ? ಇಷ್ಟ ಮಣ್ಣು?"

"ಕ್ರಿಕೆಟ್ ಆಡ್ತಾನ."

"ಚಲೋ ಆತು. ಅವ ರನ್ ಹೊಡೀತಾನ, ನೀ ಔಟ್ ಆಗ್ತಿ."

ವಾಣಿಗೆ ನಗು ಬಂತು. "ನಿಮ್ಮ ಮನ್ಯಾಗ ಯಾರ ಒಗಿತಾರ?"

"ನಮ್ಮ ಭಾಯಿಗೋಳವಾ? ಅಮ್ಮೀ, ಮತ್ತ ನಾನು. ಈಗ ಅಮ್ಮೀ ಒಬ್ಬಾಕಿ. ಫೋನ್ ಮಾಡಿದಾಗೊಮ್ಮೆ ಸೊಂಟ ಹಿಡದೈತಿ ಅಂತಾಳ. ಅದಕ್ಕ ನಾ ಫೋನ್ ಮಾಡೂದ ಕಡಿಮಿ ಮಾಡೇನಿ." ಮುನವ್ವರಾ ನಗುತ್ತಲೇ ಹೇಳಿದಳು. ಆಮೇಲೆ ಇಬ್ಬರೂ ಜೀನ್ಸನ್ನು ಇನ್ನೊಂದು ಸುತ್ತು ತಿರುವಿದರು.

ಮಳೆ ಹಿಡಿದಾಗಿನಿಂದ ಮಾಳಿಗೆಯ ಮೇಲಿನ ತಂತಿ ಉಪಯೋಗಕ್ಕಿರಲಿಲ್ಲ. ಎಲ್ಲರೂ ಖೋಲಿಯೊಳಗೇ ಹಗ್ಗ ಕಟ್ಟಿಕೊಂಡಿದ್ದರು. ವಾಣಿ ಕಿಟಕಿಯ ಸರಳಿನಿಂದ ಬಾಗಿಲ ಚೌಕಟ್ಟಿನ ಮೊಳೆಯವರೆಗೆ ಕಟ್ಟಿದ ಹಗ್ಗಕ್ಕೆ ಅಣ್ಣನ ಅಂಗಿ ಹಾಕಿ ಅದರ ಮೇಲೆ ತನ್ನ ಹಸಿರು ವೇಲು ಹರಡಿದಳು. ಬನಿಯನ್ನಿನ ಮೇಲೆ ಟವೆಲ್ಲು. ಜೀನ್ಸಿನ ಮೇಲೆ ಪೆಟಿಕೋಟು. ಊರಿನಲ್ಲಿ ಹೆಣ್ಣುಮಕ್ಕಳು ತಮ್ಮ ಒಳಬಟ್ಟೆಗಳನ್ನು ಸೀರೆಯ ಮಡಿಕೆಯೊಳಗೆ ಅಡಗಿಸಿ ಒಣಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದಳು. ಕಾಣಬಾರದ್ದರ ಮೇಲೆ ಕಾಣಬಹುದಾದದ್ದನ್ನು ಹೊದಿಸುವುದು ಅವಳ ಕೈಗೆ ತಾನಾಗಿಯೇ ಬರುತ್ತಿತ್ತು. ಗಾಳಿಯಾಡದೆ ಒಳಗಿನವು ಒಣಗಲು ಇನ್ನಷ್ಟು ತಡವಾಗುತ್ತಿತ್ತು, ಅಷ್ಟೇ.

ಆ ಸಂಜೆ ವಾರ್ಡನ್ ಮೇಡಂ ಖೋಲಿಗಳನ್ನು ನೋಡುತ್ತ ಬಂದರು. ಯಾವ ಮಾಳಿಗೆ ಸೋರುತ್ತಿದೆ ನೋಡಲೆಂದು ಬಂದದ್ದು. ಜೊತೆಗೆ ಎರಡನೆಯ ವರ್ಷದ ಪೂಜಾ ಇದ್ದಳು.

"ಒಳಗ ಒಣಾಹಾಕಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕವ್ವಾ. ಗ್ವಾಡಿ ತಂಪ ಹಿಡೀತಾವು. ನೋಡಿಲ್ಲೆ, ನೀರ ಸೋರಾಕತ್ತೈತಿ," ಎಂದು ಮೇಡಂ ಹಗ್ಗದ ಮೇಲಿನ ವೇಲನ್ನು ಎಳೆದರು. ವೇಲು ಕೈಗೆ ಬಂತು. ಕೆಳಗೆ ನೀಲಿ ಗೆರೆಯ ಅಂಗಿ.

ಮೇಡಂ ಅದನ್ನು ನೋಡಿದರು, ಆಮೇಲೆ ವಾಣಿಯನ್ನು ನೋಡಿದರು. "ಇದು ಯಾರದು?"

"ಇಲ್ಲೂ ಐತ್ರಿ ಮೇಡಂ," ಎಂದು ಪೂಜಾ ಪೆಟಿಕೋಟು ಸರಿಸಿದಳು. ಜೀನ್ಸ್. ಟವೆಲ್ಲು ಸರಿಸಿದಳು. ಬನಿಯನ್, ಅದರ ಬಾಜೂಕೆ ಚಡ್ಡಿ. "ಪೂರ್ತಿ ಮನಿಷ್ಯಾನ ಅದಾನ ನೋಡ್ರಿ, ತಲಿ ಒಂದಿಲ್ಲ."

ಬಾಗಿಲಲ್ಲಿ ನೆರೆದಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ನಮ್ಮಣ್ಣನವ್ರಿ," ಎಂದಳು ವಾಣಿ.

"ಅಣ್ಣನವಾದ್ರ ಮುಚ್ಚಿ ಯಾಕ ಹಾಕಿ?"

ಅದಕ್ಕೆ ಇದ್ದ ಉತ್ತರ ಅವ್ವನದು. ಅದನ್ನು ಆಡಬೇಡ ಎಂದಿದ್ದಳು ಅವ್ವ.

"ಹೌದ್ರಿ ಮೇಡಂ, ಅವರಣ್ಣನವ ಅದಾವು. ನನಗ ಗೊತ್ತೈತ್ರಿ," ಎಂದಳು ಮುನವ್ವರಾ.

"ನೀ ಸುಮ್ಮನಿರ ತಾಯಿ. ಗೆಳತ್ಯಾರ ಸಾಕ್ಷಿ ನನಗ ಬ್ಯಾಡ." ಮೇಡಂ ಕೆಟ್ಟವರಲ್ಲ. ಹೋದ ವರ್ಷ ಒಬ್ಬ ಹುಡುಗಿ ಯಾರಿಗೂ ಹೇಳದೆ ಹೋಗಿಬಿಟ್ಟಾಗ ಊರವರಿಂದ, ಮೇಲಿನವರಿಂದ ಮಾತು ಕೇಳಿದ್ದರು. ಅಂದಿನಿಂದ ಅವರಿಗೆ ಎಲ್ಲದರ ಮೇಲೂ ಅಂಜಿಕೆ. ಫೋನ್ ತೆಗೆದು, ಸೇರುವಾಗ ಬರೆಸಿದ್ದ ರುದ್ರೇಶನ ನಂಬರಿಗೆ ಹಚ್ಚಿದರು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

ಆ ಕಡೆ ಕೇರಂ ಆಡುವ ಸದ್ದು, ನಗು.

"ರುದ್ರೇಶ ಅಂದ್ರ ನೀನೇನಪಾ? ವಾಣಿಶ್ರೀ ಅಣ್ಣ?"

"ಹೌದ್ರಿ."

"ನಿನ್ನ ಅರಬಿ ನಿನ್ನ ತಂಗಿ ಒಗದ ಕೊಡ್ತಾಳೇನು? ಇಲ್ಲೆ ಗಂಡಸರ ಅಂಗಿ, ಪ್ಯಾಂಟ ಸಿಕ್ಕಾವು."

ಕೇರಂ ಸದ್ದು ನಿಂತಿತು. "ಲೇ, ತಂಗಿ ಕಡೆ ಒಗಸ್ತೀಯೇನಲೇ? ನಮಗ ಲಾಂಡ್ರಿ ಅಂತಿದ್ದಿ?" ಎಂದು ಯಾರೋ ಅಂದದ್ದು, ಉಳಿದವರು ನಕ್ಕದ್ದು ಈ ಕಡೆಗೂ ಕೇಳಿಸಿತು.

"ಏ ಇಲ್ರಿ ಮೇಡಂ," ಎಂದ ರುದ್ರೇಶ. "ನನ್ನವು ಲಾಂಡ್ರಿಗೆ ಹೋಗ್ತಾವ್ರಿ."

"ಖರೇನ?"

"ಖರೇನ್ರಿ. ನನ್ನವಲ್ರಿ ಅವು."

"ಅಣ್ಣಾ," ಎಂದಳು ವಾಣಿ. ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ಮೇಡಂ ಬಟ್ಟೆಗಳನ್ನೆಲ್ಲ ಬಕೀಟಿಗೆ ಹಾಕಿಸಿ ಆಫೀಸಿಗೆ ತರಿಸಿಕೊಂಡರು. ವೇಲನ್ನು ಮಂಚದ ಮೇಲೆ ಎಸೆದು ಹೋದರು.

ಅಪ್ಪ ಕೊಟ್ಟಿದ್ದ ಹಳೆಯ ಬಟನ್ ಫೋನಿನಿಂದ ವಾಣಿ ಅಣ್ಣನಿಗೆ ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಆಮೇಲೆ ಸ್ವಿಚ್ ಆಫ್ ಎಂದು ಬಂತು. ಮನೆಗೆ ಹಚ್ಚಿ ಅವ್ವನನ್ನು ಕೇಳೋಣವೆಂದರೆ ಮನೆಯಲ್ಲಿ ಇದ್ದದ್ದು ಅಪ್ಪನ ಫೋನು ಒಂದೇ. ಅಷ್ಟರಲ್ಲಿ ಅದರಿಂದಲೇ ಕರೆ ಬಂತು. "ಮೇಡಂ ಎಲ್ಲಾ ಹೇಳ್ಯಾರ. ಮುಂಜಾನೆ ಬರ್ತೇನಿ. ಗಂಟ ಕಟ್ಟಿ ಇಡು," ಎಂದಷ್ಟೇ ಹೇಳಿ ಅಪ್ಪ ಇಟ್ಟುಬಿಟ್ಟ.

ಅವಳು ಟ್ರಂಕು ಎಳೆದುಕೊಂಡು ತುಂಬತೊಡಗಿದಳು. ಮುನವ್ವರಾ ಒಂದೊಂದೇ ಬಟ್ಟೆ ಮಡಚಿ ಕೊಟ್ಟಳು.  ಅರ್ಥಶಾಸ್ತ್ರದ ಪುಸ್ತಕಕ್ಕೆ ಇನ್ನೂ ಅಂಗಡಿಯ ವಾಸನೆಯಿತ್ತು. ಅದನ್ನು ಟ್ರಂಕಿನೊಳಗೆ ಇಡಲು ಕೈ ಬರಲಿಲ್ಲ. ಇಟ್ಟಳು, ತೆಗೆದಳು, ಕೊನೆಗೆ ಮಂಚದ ಮೇಲೇ ಬಿಟ್ಟಳು.

ಹುಡುಗಿಯರ ನಗು ಅವಳಿಗೆ ಅಷ್ಟು ತಾಗಿರಲಿಲ್ಲ. ಹಿರೇಕೆರೂರಿನ ಸಂಬಂಧವೂ ಆ ಹೊತ್ತಿನಲ್ಲಿ ಅಷ್ಟು ಕಾಡಲಿಲ್ಲ. ಕಿವಿಯಲ್ಲಿ ಉಳಿದದ್ದು ಅಣ್ಣನ ದನಿ. ಅದರಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಕೊಡೆಯನ್ನು ಕಂಡಕ್ಟರ್ ಎತ್ತಿ ತೋರಿಸಿದರೆ ನನ್ನದಲ್ಲ ಎನ್ನುವ ಹಾಗೆ ಅಂದಿದ್ದ. ಆ ಒಂದು ಮಾತಿಗೆ ತಂಗಿಯ ಮೇಲೆ ಏನು ಬಂದು ಬೀಳುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಪ್ಪ ಗಂಟು ಕಟ್ಟುವ ಮಾತಾಡಿದಾಗ ಅವನು ಅಲ್ಲೇ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿದು ತಿನ್ನುತ್ತಿದ್ದ.

ಬೆಳಿಗ್ಗೆ ಮೊದಲ ಬಸ್ಸಿಗೆ ಅಪ್ಪ, ಅವ್ವ ಬಂದರು. ಅಪ್ಪ ಆಫೀಸಿನ ಬಾಗಿಲಲ್ಲೇ ನಿಂತ. ಕುರ್ಚಿ ತೋರಿಸಿದರೂ ಕೂಡಲಿಲ್ಲ. ಮೇಜಿನ ಪಕ್ಕದ ಬಕೀಟಿನಲ್ಲಿ ಬಟ್ಟೆಗಳು ಮುದ್ದೆಯಾಗಿ ಬಿದ್ದಿದ್ದವು. ಮುಗ್ಗಲು ವಾಸನೆ ಏಳುತ್ತಿತ್ತು.

"ನಿಮ್ಮ ಮಗ ತನ್ನವಲ್ಲ ಅಂದಾನ. ಈಕಿ ಅವನವ ಅಂತಾಳ. ನಾ ಯಾರನ್ನ ನಂಬಲಿ ಹೇಳ್ರಿ ಯಜಮಾನ್ರ," ಎಂದರು ಮೇಡಂ.

"ಅವ ಅಲ್ಲ ಅಂದ ಮ್ಯಾಲ ಅಲ್ರಿ." ಅಪ್ಪ ಬಕೀಟಿನ ಕಡೆ ನೋಡಲಿಲ್ಲ. ಮಗಳ ಕಡೆಯೂ ನೋಡಲಿಲ್ಲ. "ತಪ್ಪ ನಮ್ದ ಐತ್ರಿ. ಹೆಣ್ಣ ಹುಡುಗೀನ ಹೊರಗ ಇಟ್ಟಿದ್ದ ತಪ್ಪು. ಕರಕೊಂಡ ಹೋಗ್ತೇನಿ. ಗಂಟ ಎಲ್ಲೈತಿ?"

"ಅಪ್ಪಾ, ಅಣ್ಣನವ ಅವು. ವಾರಾ ವಾರಾ ಬುತ್ತಿ ಚೀಲದಾಗ ತಂದ..."

"ಬಾಯಿ ಮುಚ್ಚ."

ಅವ್ವ ಅಷ್ಟರಲ್ಲಿ ಬಕೀಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೀಲಿ ಗೆರೆಯ ಅಂಗಿಯನ್ನು ಹೊರಗೆಳೆದಿದ್ದಳು. ಅದನ್ನು ಬಿಡಿಸಿ, ಗುಂಡಿಗಳ ಮೇಲೆ ಹೆಬ್ಬೆರಳು ಆಡಿಸುತ್ತ ಹೋಗಿ ಕೆಳಗಿನ ಗುಂಡಿಯ ಹತ್ತಿರ ನಿಂತಳು.

"ಇವು ನಮ್ಮ ರುದ್ರೇಶನವ ಅದಾವ್ರಿ," ಎಂದಳು. ದನಿ ನಿರಾಳವಾಗಿತ್ತು. "ನೋಡ್ರಿ ಇಲ್ಲೆ. ಈ ಗುಂಡಿ ನಾ ಹಚ್ಚಿದ್ದು. ಬಿಳಿ ದಾರ ಇರಲಿಲ್ಲಂತ ಕೆಂಪದ್ರಲೇ ಹಚ್ಚೇನಿ. ಏನ್ರಿ, ಯುಗಾದಿಗೆ ಹೊಲಿಸಿದ ಅಂಗಿ, ನಿಮಗ ಗುರ್ತ ಸಿಗಲಿಲ್ಲೇನು?"

ಅಪ್ಪ ಬಾಗಿಲಿನಿಂದ ಒಳಗೆ ಬಂದ. ಬಗ್ಗಿ ನೋಡಿದ. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ನಾನ ಹೇಳಿದ್ದೆರಿ ಈಕಿಗೆ," ಎಂದಳು ಅವ್ವ ಮೇಡಂ ಕಡೆ ತಿರುಗಿ. "ಅಣ್ಣನ ಅರಬಿ ತಂಗಿ ಒಗದ್ರ ತಪ್ಪೇನೈತ್ರಿ? ಮನ್ಯಾಗಿದ್ರೂ ಅಕೀನ ಒಗೀತಿದ್ಲು."

"ಹಂಗಾರ ಅವ ಯಾಕ ಅಲ್ಲ ಅಂದ?"

ಮೇಡಂ ಅದನ್ನು ಕೇಳಿಯೇಬಿಟ್ಟರು.  ರಾತ್ರಿಯಿಡೀ ವಾಣಿ ಕಾದದ್ದು ಈ ಒಂದು ಪ್ರಶ್ನೆಗಾಗಿ.

ಅವ್ವ ನಕ್ಕಳು. "ಬಾಜೂಕ ಗೆಳೆಯಾರ ಕುಂತಿರಬೇಕ್ರಿ. ಗಂಡಹುಡುಗ. ನಾಚಿಕಿ ಬಂದಿರತೈತಿ."

"ಅವಂದ ಹಂಗರಿ," ಎಂದ ಅಪ್ಪ. ಅವನ ಮುಖ ಈಗ ಸಡಿಲವಾಗಿತ್ತು. "ಸಣ್ಣಾಂವಿದ್ದಾಗಿಂದ ಹಂಗ. ನಾಕ ಮಂದಿ ಮುಂದ ಅಂಜತಾನ." ಆಮೇಲೆ ಮೊದಲ ಸಲ ಮಗಳ ಕಡೆ ನೋಡಿದ. "ನಿನಗರ ಬುದ್ಧಿ ಬ್ಯಾಡೇನ? ಅಣ್ಣನ ಅರಬಿ ಕದ್ದ ಯಾಕ ಒಗೀಬೇಕು? ಮುಚ್ಚಿ ಇಟ್ರ ಯಾರಿಗರ ಸಂಶೇ ಬರತೈತಿ."

ವಾಣಿ ಅವ್ವನ ಕಡೆ ನೋಡಿದಳು. ಯಾರ ಮುಂದೂ ಆಡಬೇಡ ಎಂದವಳು ಅವಳೇ. ಅವ್ವ ಒದ್ದೆ ಅಂಗಿಯನ್ನು ಮಡಚುತ್ತಿದ್ದಳು, ತಲೆ ಎತ್ತಲಿಲ್ಲ.

"ಆತ ಬಿಡ್ರಿ," ಎಂದರು ಮೇಡಂ. ಅವರಿಗೂ ಎದೆಯ ಮೇಲಿನ ಭಾರ ಇಳಿದಿತ್ತು. "ಅಣ್ಣನವು ಅಂದ್ರ ನಾ ಬ್ಯಾಡ ಅನ್ನೂದಿಲ್ಲ. ನನಗೂ ತಮ್ಮಂದಿರ ಅದಾರ. ಐತವಾರ ಒಂದ ಬಕೀಟ ನೀರ ಜಾಸ್ತಿ ತಗೋ. ಖೋಲ್ಯಾಗ ಬ್ಯಾಡ, ಹಿಂದ ತಗಡಿನ ಕೆಳಗ ತಂತಿ ಕಟ್ಟಸ್ತೇನಿ. ಎಲ್ಲಾರಿಗೂ ಕಾಣೂ ಹಂಗ ಒಣಾಹಾಕು."

ಅಡುಗೆಯವಳು ಚಹಾ ತಂದಳು. ಅಪ್ಪ ಮೇಡಂ ಅವರ ಊರು, ಮನೆತನ ಕೇಳಿದ. ಶಿಗ್ಗಾಂವಿಯಲ್ಲಿ ಇಬ್ಬರಿಗೂ ಗುರುತಿನವರೊಬ್ಬರು ಸಿಕ್ಕರು. ವಾಣಿ ಗೋಡೆಗೆ ಆನಿಕೊಂಡು ನಿಂತೇ ಇದ್ದಳು. ಅವಳು ಸುಳ್ಳು ಹೇಳಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು. ಯಾರು ಸುಳ್ಳು ಹೇಳಿದರು ಎನ್ನುವುದು ಯಾರಿಗೂ ಬೇಕಾಗಿರಲಿಲ್ಲ.

"ಇವನ್ನೊಂದ ನೀರಾಗ ಹಾಕಿ ಹೋಗ್ತೇನಿ, ವಾಸನಿ ಹಿಡದಾವು," ಎಂದು ಅವ್ವ ಬಕೀಟು ಎತ್ತಿಕೊಂಡಳು. ಕಟ್ಟೆಯ ಮೇಲೆ ತಾಯಿ ಮಗಳು ಎದುರುಬದುರು ಕುಳಿತರು. ಅವ್ವ ಸೀರೆಯ ಸೆರಗು ಸಿಕ್ಕಿಸಿ ಬ್ರಷ್ ಹಿಡಿದಳು.

"ಕಾಲರ್ ಸರಿ ತಿಕ್ಕಿಲ್ಲ ನೋಡು. ಉದ್ದಕ ತಿಕ್ಕಿದ್ರ ಹೋಗೂದಿಲ್ಲ. ಹಿಂಗ ಅಡ್ಡಡ್ಡ."

"ಅವಂಗ ಯಾರೂ ಏನೂ ಅನ್ನೂದಿಲ್ಲೇನ ಬೇ?"

"ಏನಂತಿ?"

"ಅಪ್ಪ ನನ್ನ ಕರಕೊಂಡ ಹೋಗಾಕ ಬಂದಿದ್ದ. ಅವನ ಒಂದ ಮಾತಿಗೆ."

"ಹೋಗಲಿಲ್ಲಲ್ಲ." ಅವ್ವ ಅಂಗಿ ತಿರುವಿ ಹಾಕಿದಳು. "ಅವಂಗೇನರ ಅಂದ್ರ, ನಾಳಿಂದ ಈಕಿ ಜವಾಬ್ದಾರಿ ನಂದಲ್ಲ ಅಂತಾನ. ಅವ ಹಂಗ ಅಂದ ದಿನಾ ನಿಮ್ಮಪ್ಪ ನಿನ್ನ ಇಲ್ಲಿ ಇಡೂದಿಲ್ಲ. ತಿಳೀತಿಲ್ಲೋ?"

"ನಿನ್ನೆ ನೋಡೇನಲ್ಲ ಅವನ ಜವಾಬ್ದಾರಿ."

ಅವ್ವನ ಕೈ ನಿಂತಿತು. ಅವಳು ಎದುರಿನ ಗೋಡೆಯನ್ನು ನೋಡುತ್ತ ಹೇಳಿದಳು: "ನಾ ಏಳನೇತ್ತೆಕ ಸಾಲಿ ಬಿಟ್ಟಾಕಿ, ವಾಣಿ. ಹುಡುಗಿ ಶ್ಯಾಣ್ಯಾ ಅದಾಳ, ಕಲಸ್ರಿ ಅಂತ ನಾ ಅಂದಿದ್ರ ನಿಮ್ಮಪ್ಪ ಕಿವ್ಯಾಗ ಹಾಕ್ಕೋತಿದ್ದಿಲ್ಲ. ಅವನ ಅರಬಿ ಮಾತ ಆಡಿದೆ, ಕೇಳಿದ. ಅದಕ್ಕ ನೀ ಇಲ್ಲಿ ಅದಿ." ಬ್ರಷ್ ಮತ್ತೆ ಆಡತೊಡಗಿತು. "ಅಡ್ಡಡ್ಡ ತಿಕ್ಕು. ಕಲ್ತಕೋ."

ಅವ್ವ ಹೇಳಿದ್ದು ನಿಜವಿತ್ತು. ಅದಕ್ಕೇ ವಾಣಿಗೆ ಅಳು ಬರಲಿಲ್ಲ. ಅವಳ ಮಾರ್ಕುಗಳು ತೆರೆಯದ ಬಾಗಿಲನ್ನು ಅಣ್ಣನ ಕೊಳೆ ಬಟ್ಟೆ ತೆರೆದಿತ್ತು. ಇದು ಗೊತ್ತಿದ್ದೂ ಅವ್ವ ಇಷ್ಟು ವರ್ಷ ಆ ಮನೆಯಲ್ಲಿ ಹೇಗೆ ರೊಟ್ಟಿ ಬಡಿದಳೋ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಆಫೀಸಿನಲ್ಲಿ ಅವಳು ನಕ್ಕ ನಗುವನ್ನು ಮರೆಯಲು ಅಷ್ಟು ಸಾಲಲಿಲ್ಲ.

ಅಪ್ಪ ಹೊರಡುವ ಹೊತ್ತಿಗೆ ರುದ್ರೇಶ ಗೇಟಿನಲ್ಲಿ ಬಂದು ನಿಂತಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ. ಅಪ್ಪ ಅವನ ಹೆಗಲ ಮೇಲೆ ಕೈ ಹಾಕಿ, "ನಾಷ್ಟಾ ಮಾಡೀಯಿಲ್ಲೋ? ನಡಿ, ಮಿರ್ಚಿ ಮಂಡಕ್ಕಿ ತಿಂದ ಹೋಗೂನು," ಎಂದ. ಅವ್ವ ಮಗನ ಮುಖ ನೋಡಿ, "ಎಷ್ಟ ಸಣ್ಣ ಆಗೀಯೋ," ಎಂದಳು.

ಅವರಿಬ್ಬರೂ ಮುಂದೆ ನಡೆದ ಮೇಲೆ ಅವನು ಹಿಂದೆ ಉಳಿದ. "ಅತ್ತಿಯೇನ?"

"ಇಲ್ಲ."

"ಮತ್ತ ಮಾರಿ ಯಾಕ ಹಂಗ ಮಾಡ್ಕೊಂಡಿ? ಎಲ್ಲಾ ಸರಿ ಆತಲ್ಲ." ಆಚೆ ಈಚೆ ನೋಡಿ ದನಿ ತಗ್ಗಿಸಿದ. "ಜೀನ್ಸ ಬುಧವಾರಕ್ಕ ಸಿಗತೈತಿಲ್ಲೋ? ಮ್ಯಾಚ್ ಐತಿ."

ಮುಂದಿನ ಭಾನುವಾರದಿಂದ ಅರಬಿ ಬುತ್ತಿಯ ಚೀಲದಲ್ಲಿ ಬರಲಿಲ್ಲ. ಬೇರೆಯೇ ಚೀಲದಲ್ಲಿ, ದೊಡ್ಡದರಲ್ಲಿ, ಹಗಲು ಹೊತ್ತಿನಲ್ಲಿ ರಾಜಾರೋಷವಾಗಿ ಬಂತು. ಅಪ್ಪ, ಅವ್ವ, ಮೇಡಂ ಎಲ್ಲರ ಒಪ್ಪಿಗೆ ಸಿಕ್ಕಿತ್ತಲ್ಲ. ಹಾಸಿಗೆಯ ಚಾದರ ಸೇರಿಕೊಂಡಿತು. ಒಂದು ವಾರ ಯಾರದೋ ಟೀ ಶರ್ಟೂ ಇತ್ತು. ಕೇಳಿದರೆ, "ಖೋಲ್ಯಾಗಿನವಂದ ತಪ್ಪಿ ಬಂದಿರಬೇಕು. ಒಂದ ಹೆಚ್ಚಾದ್ರ ಏನಾಗತೈತಿ, ಒಗದ ಬಿಡ," ಎಂದ ರುದ್ರೇಶ. ಗೆಳೆಯರ ಮುಂದೆ ಈಗ ಅವನಿಗೆ ನಾಚಿಕೆಯೂ ಉಳಿದಿರಲಿಲ್ಲ. ತಂಗಿಯ ಕೈಯಲ್ಲಿ ಒಗೆಸಿಕೊಳ್ಳುವುದು ಅವನ ಭಾಗ್ಯವೆಂದು ಅವರೂ ಒಪ್ಪಿಕೊಂಡಿದ್ದರು.

ತಗಡಿನ ಕೆಳಗಿನ ಹೊಸ ತಂತಿಯ ಮೇಲೆ ಅವು ಎಲ್ಲರಿಗೂ ಕಾಣುವ ಹಾಗೆ ಒಣಗುತ್ತಿದ್ದವು. ಪೂಜಾ ತಟ್ಟೆ ತೊಳೆಯಲು ಬಂದಾಗೊಮ್ಮೆ, "ವಾಣಿ, ನಮ್ಮಣ್ಣನವೂ ಎರಡ ಜೋಡ ಅದಾವ ನೋಡವ್ವಾ," ಅನ್ನುವಳು. ಆ ಮಾತಿನಲ್ಲಿ ಕೆಡುಕಿರಲಿಲ್ಲ, ಬರೀ ಚೇಷ್ಟೆ. ಮುನವ್ವರಾ ಮಾತ್ರ ಈಗ ಚೇಷ್ಟೆ ಮಾಡುತ್ತಿರಲಿಲ್ಲ. ಜೀನ್ಸಿನ ಒಂದು ತುದಿ ಹಿಡಿದು ಹಿಂಡಿ, ಕೈ ಒರೆಸಿಕೊಂಡು ಹೋಗುತ್ತಿದ್ದಳು. ವಾಣಿಯ ಬೆರಳ ಸಂದಿಗಳು ಒಗೆಯುವ ಸೋಡಾಕ್ಕೆ ಒಡೆದಿದ್ದವು. ಸೋಮವಾರ ನೋಟ್ಸ್ ಬರೆಯುವಾಗ ಪೆನ್ನು ಹಿಡಿದಲ್ಲಿ ಉರಿಯುತ್ತಿತ್ತು. ಆದರೂ ಬರೆದುಕೊಳ್ಳುತ್ತಿದ್ದಳು. ಮೊದಲ ಕಿರು ಪರೀಕ್ಷೆಯಲ್ಲಿ ಅರ್ಥಶಾಸ್ತ್ರದ ಸರ್ ಅವಳ ಹೆಸರು ಕೂಗಿ ಎದ್ದು ನಿಲ್ಲಿಸಿದರು. ಇಡೀ ತರಗತಿ ತಿರುಗಿ ನೋಡಿತು. ಆ ಸುದ್ದಿಯನ್ನು ಅವಳು ಮನೆಗೆ ಹೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ.

ಶ್ರಾವಣ ಬಂತು. ಪಂಚಮಿಗೆ ಅವಳನ್ನು ಕರೆದುಕೊಂಡು ಹೋಗಲು ರುದ್ರೇಶ ಬಂದ. "ಕರಿಯಾಕ ಅಣ್ಣ ಬಂದಾನ, ಪುಣ್ಯಾ ಮಾಡೀಯವ್ವಾ," ಎಂದಳು ಅಡುಗೆಯವಳು. ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕುಳಿತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಅವನ ಅರಬಿಯ ಚೀಲ ಅವಳ ಕಾಲ ಬಳಿ ಇತ್ತು. ಈ ವಾರ ಮನೆಯಲ್ಲೇ ಒಗೆಯಬಹುದು ಎಂದು ತಂದಿದ್ದ.

ಮನೆಯಲ್ಲಿ ಎಳ್ಳುಂಡಿ, ಶೇಂಗಾ ಉಂಡಿಯ ವಾಸನೆ. ಹಿತ್ತಲಿನ ಬೇವಿನ ಮರಕ್ಕೆ ಅಪ್ಪ ಜೋಕಾಲಿ ಕಟ್ಟಿದ್ದ. ಮರುದಿನ ಮಡಿಯಾಗಿ ಅವ್ವ ದೇವರ ಮುಂದೆ ಮಣೆ ಹಾಕಿ, ಹುತ್ತದ ಮಣ್ಣಿನ ನಾಗಪ್ಪನನ್ನು ಇಟ್ಟು, ಬಟ್ಟಲಿನಲ್ಲಿ ಹಾಲು ಸುರಿದಳು. ನಾಗಪ್ಪನಿಗೆ ಹೂವಿನಿಂದ ಹಾಲೆರೆಯುವಾಗ ಮನೆಯವರ ಒಬ್ಬೊಬ್ಬರ ಹೆಸರು ಹಿಡಿದು ಎರೆಯಬೇಕು. ಯಾರ ಹೆಸರಿಗೆ ಎರೆದರೋ ಅವರ ಪಾಲಿನ ವಿಷವನ್ನು ನಾಗಪ್ಪ ಹಿಂತೆಗೆದುಕೊಳ್ಳುತ್ತಾನೆ ಎಂದು ಅವ್ವ ಹೇಳುತ್ತಿದ್ದಳು. ಅವ್ವ ತನ್ನ ಸರದಿ ಮುಗಿಸಿ, ಕೈಮುಗಿದು ಕಣ್ಣು ಮುಚ್ಚಿ, "ನೀ ಎರಿಯವ್ವಾ," ಎಂದಳು.

ವಾಣಿ ಹೂವನ್ನು ಹಾಲಿನಲ್ಲಿ ಅದ್ದಿದಳು.

"ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು."

ಅವ್ವನ ಹೆಸರಿಗೆ ಕೈ ಒಂದಿಷ್ಟು ತಡೆಯಿತು, ಆದರೂ ಎರೆದಳು. ಮುಂದಿನದು ಅಣ್ಣನದು. ಚಿಕ್ಕವಳಿದ್ದಾಗ ಈ ಪಾಲನ್ನು ಅವಳು ಎಲ್ಲಕ್ಕಿಂತ ಜೋರಾಗಿ ಕೂಗುತ್ತಿದ್ದಳು. ಅಣ್ಣ ಹೊರಗಿನಿಂದಲೇ, "ಇನ್ನೊಂಚೂರ ಹಾಕ," ಎಂದು ಕೂಗುತ್ತಿದ್ದ. ಅವಳು ಬಟ್ಟಲನ್ನೇ ಬಗ್ಗಿಸಿಬಿಡುತ್ತಿದ್ದಳು.

ಹಿತ್ತಲಿನಲ್ಲಿ ರುದ್ರೇಶ ಜೋಕಾಲಿ ಜೀಕುತ್ತಿದ್ದ. ಹಗ್ಗ ಕಿರಗುಟ್ಟುವುದು ಕೇಳಿಸುತ್ತಿತ್ತು. ಬಚ್ಚಲ ಬಾಗಿಲಲ್ಲಿ ಅವನ ಚೀಲ ಬಾಯಿ ತೆರೆದು ಕುಳಿತಿತ್ತು. ಹಬ್ಬದ ಊಟವಾದ ಮೇಲೆ ಅವನ್ನು ನೆನೆಹಾಕಬೇಕು. ಹಾಕುತ್ತಾಳೆ. ಅವನು ಹಾನಗಲ್ಲಿನಲ್ಲಿ ಇರುವವರೆಗೆ ವಾರವಾರವೂ ಒಗೆಯುತ್ತಾಳೆ, ಕಾಲರನ್ನು ಅಡ್ಡಡ್ಡ ತಿಕ್ಕಿ, ಯಾರೂ ಹೆಸರಿಡದ ಹಾಗೆ. ಅದು ಕಾಲೇಜಿಗೆ ಅವಳು ಕಟ್ಟುವ ಫೀಜು. ಅದಕ್ಕಿಂತ ಹೆಚ್ಚಿನದು ಅವನಿಗೆ ಇನ್ನು ಅವಳ ಕೈಯಿಂದ ಹೋಗುವುದಿಲ್ಲ. ಈ ವರ್ಷವಿಲ್ಲ, ಮುಂದೆ ಯಾವುದೋ ಊರಿನ ಗಂಡನ ಮನೆಯಿಂದ ಅವನೇ ಪಂಚಮಿಗೆ ಕರೆದುಕೊಂಡು ಬಂದು ಇದೇ ಮಣೆಯ ಮುಂದೆ ಕೂಡಿಸಿದ ವರ್ಷವೂ ಇಲ್ಲ.

ಅವಳು ಹೂವನ್ನು ಬಟ್ಟಲಿನ ಅಂಚಿಗೆ ಒತ್ತಿ ಹನಿಯನ್ನೆಲ್ಲ ಬಟ್ಟಲಿಗೇ ಇಳಿಸಿದಳು. ತುಟಿ ಅಲುಗಿಸಿದಳು, ದನಿ ಬಿಡಲಿಲ್ಲ. ಒಣ ಹೂವನ್ನು ನಾಗಪ್ಪನ ಹೆಡೆಗೆ ಮುಟ್ಟಿಸಿ ತೆಗೆದಳು.

"ಎಲ್ಲಾರದೂ ಆತೇನ?" ಕಣ್ಣು ತೆರೆಯದೆ ಅವ್ವ ಕೇಳಿದಳು.

"ಆತ ಬೇ," ಎಂದಳು ವಾಣಿ.